ನೂರು ಗುಳಿಯ ಹಲಗೆ

ಇಸ್ಮೆತ್ ಮೇಸ್ತ್ರಿಗೆ ವಾಸನೆ ಹತ್ತುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರ ಅದನ್ನು ಹೊತ್ತುಕೊಂಡು ಹೋಗಿತ್ತು. ಹೆಂಡತಿಗೂ ಹೇಳಿರಲಿಲ್ಲ. ಯಂತ್ರದ ಕೋಣೆಯ ಬಾಗಿಲು ತೆಗೆದು, ಒಮ್ಮೆ ಉಸಿರೆಳೆದು, ಕೆಟ್ಟಿರುವುದೇನೆಂದು ಹೊಸ್ತಿಲಲ್ಲೇ ನಿಂತು ಹೇಳುವವನು ಎಂದು ಆ ಕಣಿವೆಯಲ್ಲೆಲ್ಲ ಹೆಸರಾದವನು ಅವನು. ಆ ಹೆಸರನ್ನು ನಂಬಿಯೇ ಮೀನುಮರಿ ಕೇಂದ್ರದ ಹಾಯ್ರಾ, ಬಯ್ರಾಮ್ ಹಬ್ಬಕ್ಕೆ ಒಂದೇ ದಿನ ಉಳಿದಿದ್ದಾಗ, ಅವನನ್ನು ಕರೆಸಿದ್ದಳು.

"ಬೆಳಗ್ಗೆಯಿಂದ ಆರು ಸಲ ಅಲಾರಂ ಬಡ್ಕೊಂಡಿದೆ ಮೇಸ್ತ್ರಿ. ನೀರು ಹರೀತಿಲ್ಲ ಅನ್ನುತ್ತೆ. ಓಡ್ಬಂದು ನೋಡಿದ್ರೆ ಹರೀತಾನೇ ಇರುತ್ತೆ. ನನ್ನ ಗಂಡನ ಥರ, ಸುಮ್‌ಸುಮ್ನೆ ಕೂಗೋದು."

"ಗಂಡನ್ನ ರಿಪೇರಿ ಮಾಡೋದು ನನ್ ಕೈಲಾಗಲ್ಲ ಅಕ್ಕ. ಚಿಲ್ಲರ್ ನೋಡ್ತೀನಿ, ಬಾ."

ತೊಟ್ಟಿಗಳಲ್ಲಿ ಆ ನದಿಯ ಸ್ವಂತ ಟ್ರೌಟ್ ಮೀನಿನ ಮೊಟ್ಟೆಗಳಿದ್ದವು. ಈ ವಸಂತದಲ್ಲಿ ಇಡೀ ನದಿ ಜಾಲಾಡಿದರೂ ಸಿಕ್ಕಿದ್ದು ಹತ್ತೊಂಬತ್ತೇ ಹೆಣ್ಣು ಮೀನು. ಮಳೆ ಕೈಕೊಟ್ಟು ಒರತೆಯ ನೀರು ಬೆಚ್ಚಗಾಗಿತ್ತು. ಆದ್ದರಿಂದ ಅದೇ ನೀರನ್ನು ಪಂಪು ಚಿಲ್ಲರಿಗೆ ತಳ್ಳುತ್ತಿತ್ತು, ಚಿಲ್ಲರ್ ತಣಿಸಿ ತೊಟ್ಟಿಗೆ ಬಿಡುತ್ತಿತ್ತು. ಆರು ವಾರದಿಂದ ಹಾಯ್ರಾ ದಿನಾ ಬಾಗಿ ನೋಡುತ್ತಿದ್ದಳು. ಮೊನ್ನೆಯಷ್ಟೇ ಪ್ರತಿ ಮೊಟ್ಟೆಯೊಳಗೂ ಎರಡು ಕಪ್ಪು ಚುಕ್ಕಿ ಮೂಡಿದ್ದವು. ಕಣ್ಣುಗಳು.

ಇಸ್ಮೆತ್ ಜಾಲರಿ ಬಿಚ್ಚಿದ, ಕಸವಿರಲಿಲ್ಲ. ಕೊಳವೆಯ ಮೇಲೆ ಕೈಯಿಟ್ಟ. ನೀರು ಜೋರಾಗಿಯೇ ಓಡುತ್ತಿತ್ತು. ಮಾಪಕದ ಮುಳ್ಳು ಇರಬೇಕಾದಲ್ಲೇ ಇತ್ತು. ಅಷ್ಟರಲ್ಲಿ ಅಲಾರಂ ಕಿರುಚಿತು. ಅವನು ತಿರುಗಿ ನೋಡಿದಾಗ ತೊಟ್ಟಿಯಲ್ಲಿ ನೀರು ಹರಿಯುತ್ತಿತ್ತು. ಹಾಗಾದರೆ ಸುಳ್ಳು ಹೇಳುತ್ತಿರುವುದು ನೀರಿನ ಹರಿವನ್ನು ಕಾಯುವ ಸ್ವಿಚ್ಚೇ ಎಂದು ತೀರ್ಮಾನಿಸಿದ. ಅದರ ಎರಡು ತಂತಿ ಬಿಡಿಸಿ, ಗೇಣುದ್ದದ ವೈರಿನಿಂದ ಒಂದಕ್ಕೊಂದು ಕಟ್ಟಿದ.

"ಸ್ವಿಚ್ಚಿಗೆ ವಯಸ್ಸಾಯ್ತು. ಹಬ್ಬ ಮುಗೀಲಿ, ಸರಾಯೆವೊದಿಂದ ಹೊಸದು ತರಿಸ್ತೀನಿ. ಅಲ್ಲೀತನಕ ಅಲಾರಂ ಕೂಗಲ್ಲ."

ಹಾಯ್ರಾ ಗೋಡೆಯ ಹತ್ತಿರ, ಪಂಪಿನ ಕರೆಂಟು ಡಬ್ಬಿಯ ಪಕ್ಕ ನಿಂತಿದ್ದಳು. "ಮೇಸ್ತ್ರಿ, ಏನೋ ಸುಟ್ಟ ವಾಸನೆ ಬರ್ತಿಲ್ವಾ?"

ಅವನ ಕೈ ನಿಂತಿತು. ಉಸಿರೆಳೆದ. ಒಳಗೆ ಹೋದದ್ದು ಬರೀ ತಂಪು. ಡಬ್ಬಿಯ ಎರಡು ತಿರುಪು ಬಿಚ್ಚಿ ನೋಡಿದರೆ ಮುಗಿಯುತ್ತಿತ್ತು. ಬಿಚ್ಚಿದರೆ, ವಾಸನೆ ಮೊದಲು ಹತ್ತಿದ್ದು ಹಾಯ್ರಾಗೆ ಎಂದಾಗುತ್ತಿತ್ತು.

"ನಿನ್ನ ಕಾಫಿ ಬೀಜಾನೇ ಅಕ್ಕ," ಎಂದು ನಕ್ಕ. "ಹಬ್ಬದ ಗಡಿಬಿಡೀಲಿ ಸೀಯಿಸಿಬಿಟ್ಟಿದ್ದೀಯ. ಸೇತುವೆ ಹತ್ರಾನೇ ಮೂಗಿಗೆ ಬಡೀತು ನಂಗೆ."

ಹಾಯ್ರಾ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿದಳು. "ನೀನಂದ್ಮೇಲೆ ಸರಿ," ಅಂದಳು. "ಹಂಗಾದ್ರೆ ನಾಳೆ ತಂಗಿ ಮನೆಗೆ ಊಟಕ್ಕೆ ಹೋಗ್ಬರಲಾ? ಮೂರು ಹಬ್ಬ ಆಯ್ತು ಹೋಗದೆ."

"ಹೋಗು ಅಕ್ಕ, ನಾನಿಲ್ವಾ. ನನ್ ಪಾಲಿನ ಬಕ್ಲಾವ ಮಾತ್ರ ಮರೀಬೇಡ."

ಮರೆಯಲಿಲ್ಲ. ಹಬ್ಬದ ಸಂಜೆ ಒಗೆದ ವಸ್ತ್ರದಲ್ಲಿ ಬಕ್ಲಾವ ಸಿಹಿ ಕಟ್ಟಿಕೊಂಡು ಬಂದು ನೋಡಿದರೆ ತೊಟ್ಟಿಗಳ ನೀರು ಅಲುಗದೆ ನಿಂತಿತ್ತು. ಮಧ್ಯಾಹ್ನವೇ ನಿಂತಿರಬೇಕು. ಕೂಗಬೇಕಾದ್ದು ಕೂಗಿರಲಿಲ್ಲ. ಮರುದಿನದ ಹೊತ್ತಿಗೆ ಮೊಟ್ಟೆಗಳು ಬೆಳ್ಳಗಾಗತೊಡಗಿದವು.

ಹಬ್ಬದ ಮೂರನೆಯ ದಿನ ಬೆಳಗ್ಗೆ ಇಸ್ಮೆತ್ ಬಂದು ಆ ಎರಡು ತಿರುಪು ಬಿಚ್ಚಿದ. ಪಂಪಿಗೆ ಕರೆಂಟು ಹಾಯಿಸುವ ಕಾಂಟ್ಯಾಕ್ಟರ್ ಸುಟ್ಟು ಇದ್ದಿಲಾಗಿತ್ತು. ಅದು ಒಂದೇ ದಿನದ ಸುಡುವಿಕೆಯಲ್ಲ. ಆವತ್ತು ಪಂಪು ನಿಜಕ್ಕೂ ತಡವರಿಸುತ್ತಿತ್ತು. ಸ್ವಿಚ್ಚು ನಿಜವನ್ನೇ ಹೇಳುತ್ತಿತ್ತು.

ಸತ್ತ ಮೊಟ್ಟೆಗಳನ್ನು ಎಣಿಸಿ ಬರೆದ ಮೇಲೆಯೇ ಸುಣ್ಣ ಹಾಕಿ ಹೂಳಬೇಕು, ಅದು ಕೇಂದ್ರದ ನಿಯಮ. ಎಣಿಸಲು ನೂರು ಗುಳಿ ಕೊರೆದ ಮರದ ಹಲಗೆಯೊಂದಿತ್ತು. ತೊಟ್ಟಿಗೆ ಅದ್ದಿ ಎತ್ತಿದರೆ ಗುಳಿಗೊಂದರಂತೆ ನೂರು ಮೊಟ್ಟೆ ಕೂರುತ್ತಿದ್ದವು. "ಕೊಡಕ್ಕ, ನಾನ್ ಎತ್ತುತ್ತೀನಿ," ಎಂದ. ಅವಳು ಎದುರಾಡದೆ ಕೊಟ್ಟಳು. ಹಲಗೆಗೊಂದು ಗೀಟು ಎಳೆಯಲು ಪುಸ್ತಕ ಹಿಡಿದು ದೂರ ನಿಂತಳು. ತಲೆವಸ್ತ್ರದ ಅಂಚನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಆದರೂ ಕೊಳೆತ ನಾತ ತಡೆಯಲಾರದೆ ಎರಡು ಸಲ ಹೊರಗೆ ಓಡಿ ವಾಂತಿ ಮಾಡಿ ಬಂದಳು.

ಇಸ್ಮೆತ್ ತೊಟ್ಟಿಯ ಮೇಲೆ ಮುಖ ಬಾಗಿಸಿಕೊಂಡು, ಬರೀ ಮೂಗಿನಲ್ಲಿ, ತಣ್ಣಗೆ ಉಸಿರಾಡುತ್ತ ಎಣಿಸುತ್ತಿದ್ದ. ನಲವತ್ತನೆಯ ಹಲಗೆಯೋ ಏನೋ, ಗೀಟು ಎಳೆಯುವ ಸದ್ದು ನಿಂತಿತು. ತಲೆಯೆತ್ತಿದ. ಹಾಯ್ರಾ ಅವನ ಮುಖವನ್ನೇ ನೋಡುತ್ತಿದ್ದಳು.

"ಯಾವಾಗಿಂದ?"

"ಎರಡು ವರ್ಷ."

ಅವಳು ಪುಸ್ತಕವನ್ನು ಕೆಳಗಿಳಿಸಿದಳು. "ಆವತ್ತು ನಾನು ಕಾಫಿ ಬೀಜ ಹುರಿದೇ ಇರ್ಲಿಲ್ಲ ಮೇಸ್ತ್ರಿ."

"ಮತ್ತೆ ಆಗಲೇ ಯಾಕ್ ಹೇಳ್ಲಿಲ್ಲ?"

"ನಿನ್ ಮೂಗಿನ ಮುಂದೆ ನಂದ್ಯಾವ ಲೆಕ್ಕ ಅಂದ್ಕೊಂಡೆ."

ಅವನು ಹಲಗೆಯನ್ನು ಮತ್ತೆ ನೀರಿಗೆ ಅದ್ದಿದ. ಅವಳು ಗೀಟು ಎಳೆದಳು. ಇಳಿಹೊತ್ತಿಗೆ ಕೊನೆಯ ತೊಟ್ಟಿ ಬರಿದಾಯಿತು.

ಮುನ್ನೂರ ಎಂಬತ್ತೆರಡು ಹಲಗೆ, ಮೇಲೆ ನಲವತ್ತೊಂದು ಮೊಟ್ಟೆ.