ಪಾರವ್ವನಿಗೆ ಓದಿ ಹೇಳುವವಳು

‘ಅಕ್ಷರ ಕಾಣದ ತಾಯಿ’ ಎಂದು ದಾಕ್ಷಾಯಿಣಿ ಓದಿದಾಗ ಹೆಂಗಸರ ನಡುವೆ ಕುಳಿತಿದ್ದ ಮುದುಕಿಯೊಬ್ಬಳು ನಕ್ಕಳು.

ಜೋರಾಗೇನಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು. ಆದರೂ ದಾಕ್ಷಾಯಿಣಿಯ ಕಣ್ಣಿಗೆ ಬಿತ್ತು. ಅವ್ವ ಪಾರವ್ವ ತೀರಿಕೊಂಡು ಹನ್ನೊಂದು ದಿನ. ಕುಲಗೋಡದ ಮನೆಯ ಅಂಗಳದಲ್ಲಿ ನುಡಿನಮನ. ಸಾಲಿ ಕಲಿಸಿದಾಕಿ ನೀನು, ನೀನೇ ಬರೆದು ಓದು ಎಂದಿದ್ದ ಅಣ್ಣ ದುಂಡಪ್ಪ. ನಿದ್ದೆಯಿಲ್ಲದೆ, ಬಂದವರಿಗೆಲ್ಲ ಅದದೇ ಮಾತು ಹೇಳಿ ಅವಳು ಬಳಲಿದ್ದಳು. ನಕ್ಕದ್ದೇಕೆ ಎಂದು ಕೇಳುವ ತ್ರಾಣವೂ ಇರಲಿಲ್ಲ. ಮುಂದಕ್ಕೆ ಓದಿದಳು.

ಎಂಬತ್ತಾರು ವರ್ಷದ ಬಾಳು ಎರಡು ಹಾಳೆಯಲ್ಲಿ ಮುಗಿಯುವಂತಿತ್ತು. ಹದಿನೈದಕ್ಕೆ ಹುಕ್ಕೇರಿಯಿಂದ ಸೊಸೆಯಾಗಿ ಬಂದಳು. ಕೋಳಿ ಕೂಗುವ ಮೊದಲೇ ಎದ್ದು ಹದಿಮೂರು ಮಂದಿಗೆ ರೊಟ್ಟಿ ಬಡಿದಳು. ಐದು ಹೆತ್ತು ಎರಡನ್ನು ಉಳಿಸಿಕೊಂಡಳು. ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷ ಮಗುವಿನಂತೆ ನೋಡಿಕೊಂಡಳು. ಕೊನೆಯತನಕ ಹೆಬ್ಬೆಟ್ಟನ್ನೇ ಒತ್ತಿದಳು.

ಹಾಳೆಯಲ್ಲಿ ಬರೆಯದೆ ಬಿಟ್ಟದ್ದು ಒಂದಿತ್ತು. ಅವ್ವನಿಗೆ ಓದಿ ಹೇಳಿ ಹೇಳಿ ತಾನು ದಣಿದುಹೋದದ್ದು.

ಅದು ಶುರುವಾದದ್ದು ನಾಲ್ಕನೆಯ ಇಯತ್ತೆಯಲ್ಲಿ. ಹುಡುಗಿಗೆ ಇನ್ನು ಶಾಲೆ ಸಾಕು ಎಂದು ಅಪ್ಪ ತೀರ್ಮಾನಿಸಿದ್ದ. ಎಂದೂ ಎದುರಾಡದ ಅವ್ವ ಒಲೆಯ ಮುಂದಿನಿಂದ ಮೆಲ್ಲಗೆ ಅಂದಿದ್ದಳು: “ನಾ ಅಕ್ಷರಾ ಕಾಣದಾಕಿ. ತವರಮನಿ ಕಾಗದಾ ಬಂದ್ರ ಓದಿ ಹೇಳಾಕ ನಿಮಗ ಪುರಸೊತ್ತಿಲ್ಲ. ಈಕಿ ಇನ್ನೊಂದೀಟ ಕಲೀಲಿ ಬಿಡ್ರಿ.”

ಅಪ್ಪ ಬಿಟ್ಟ. ಅವ್ವ ಬಿಡಲಿಲ್ಲ. ದಿನಾ ಸಂಜೆ ಮೊರ ಹಿಡಿದು ಮಗಳ ಭುಜಕ್ಕೆ ಭುಜ ತಾಗಿಸಿ ಕೂರುವಳು. ಕಾಗದ, ಪತ್ರಿಕೆ, ಏನೂ ಇಲ್ಲದಿದ್ದರೆ ಶಾಲೆಯ ಪಾಠ. ಹುಡುಗಿ ತೊಡರಿದರೆ, “ಇನ್ನೊಮ್ಮಿ ಓದು, ನನಗ ತಿಳೀಲಿಲ್ಲ” ಎನ್ನುವಳು. ಅವ್ವನ ತಲೆಗೆ ಏನೂ ಹತ್ತುವುದಿಲ್ಲ ಎಂದು ದಾಕ್ಷಾಯಿಣಿ ಒಳಗೇ ಸಿಡುಕುತ್ತಿದ್ದಳು.

ಹೀಗೇ ಏಳನೆಯದು, ಹತ್ತನೆಯದು, ಗೋಕಾಕದಲ್ಲಿ ಶಿಕ್ಷಕಿಯ ನೌಕರಿ, ಮದುವೆ. ಅಪ್ಪ ತೀರಿಕೊಂಡ. ಓದುವುದು ಮಾತ್ರ ತೀರಲಿಲ್ಲ. ಪ್ರತಿ ರವಿವಾರ ಬಸ್ಸು ಹತ್ತಿ ಕುಲಗೋಡಕ್ಕೆ ಬರಬೇಕು, ವಾರದ ಪತ್ರಿಕೆಯನ್ನೆಲ್ಲ ಅವ್ವನಿಗೆ ಓದಬೇಕು.

ಒಮ್ಮೆ, ವಾರವಿಡೀ ಪರೀಕ್ಷೆಯ ಪೇಪರು ತಿದ್ದಿ ಬಂದಿದ್ದಳು. ಕಣ್ಣು ಎಳೆಯುತ್ತಿತ್ತು. ಸುದ್ದಿಯ ನಡುವಿನ ನಾಲ್ಕು ಸಾಲು ಹಾರಿಸಿದಳು.

“ನಡುವ ಏನೋ ಬಿಟ್ಟಿ.”

“ನಿನಗ ಹೆಂಗ ಗೊತ್ತಾತು?”

“ಮಾತು ಕೂಡಲಿಲ್ಲ.”

ದಾಕ್ಷಾಯಿಣಿ ಪತ್ರಿಕೆ ಕೆಳಗೆ ಹಾಕಿದಳು. “ನನಗ ಸಾಕಾಗೈತಿ ಯವ್ವಾ. ನಾನs ಅಕ್ಷರಾ ಕಲಸತೇನಿ. ಇನ್ನ ಮ್ಯಾಲ ನೀನs ಓದಕೋ.”

ಮೊರದಲ್ಲಿ ಅವ್ವನ ಕೈ ನಿಂತಿತು. “ನನಗ ಓದಾಕ ಬಂದ್ರ ನೀ ಯಾಕ ಬರತೀಯವ್ವಾ?”

ಆ ಮಾತನ್ನು ದಾಕ್ಷಾಯಿಣಿ ಮತ್ತೆ ಎತ್ತಲಿಲ್ಲ. ನಾಚಿಕೆಯಿಂದ ಒಂದಿಷ್ಟು, ದಣಿವಿನಿಂದ ಒಂದಿಷ್ಟು, ಕೊನೆಯ ರವಿವಾರದವರೆಗೂ ಓದಿದಳು.

ಪ್ರಸಾದವಾಯಿತು. ಜನ ಕರಗಿದರು. ನಕ್ಕ ಮುದುಕಿ ಕಟ್ಟೆಯ ಮೇಲೆ ಕುಳಿತೇ ಇದ್ದಳು. ಹುಕ್ಕೇರಿಯ ಕಮಲಾಬಾಯಿ, ಅವ್ವನ ಬಾಲ್ಯದ ಗೆಳತಿ ಎಂದು ಯಾರೋ ಹೇಳಿದರು. ಹೆಸರು ಕೇಳಿ ಗೊತ್ತಿತ್ತು, ನೋಡಿದ್ದು ಇದೇ ಮೊದಲು.

“ಯಾಕ ನಕ್ರಿ ಮಾವಶಿ?” ದಾಕ್ಷಾಯಿಣಿ ಪಕ್ಕದಲ್ಲಿ ಕುಸಿದು ಕುಳಿತಳು.

“ತಪ್ಪ ತಿಳೀಬ್ಯಾಡವಾ. ಇಷ್ಟ ವರ್ಷ ಮುಚ್ಚಿಟ್ಟಳಲ್ಲಾ ಅಂತ ನಗು ಬಂತು. ಆವಾಗ ನಿಮ್ಮಜ್ಜಗ ಗೊತ್ತಾಗಿದ್ರ ಲಗ್ನಾನ ಮುರೀತಿದ್ರು. ಅದಕ್ಕ ನಾವೆಲ್ಲಾ ಬಾಯಿ ಮುಚಗೊಂಡ ಕುಂತ್ವಿ.”

ದಾಕ್ಷಾಯಿಣಿ ಸುತ್ತ ನೋಡಿದಳು. ಹನ್ನೊಂದನೆಯ ದಿನ, ಇದೊಂದು ಬಾಕಿಯಿತ್ತೇ. ಅಣ್ಣ ದೂರದಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡು ಪಿಸುದನಿಯಲ್ಲಿ ಕೇಳಿದಳು:

“ಅಂಥಾದ್ದೇನ ಮಾಡಿದ್ಲು ನಮ್ಮವ್ವ?”

“ಕಲ್ತ ಸೊಸಿ ಬ್ಯಾಡಾಗಿತ್ತು ನಿಮ್ಮಜ್ಜಗ, ನಿಮ್ಮವ್ವ ನೋಡಿದ್ರ ಏಳನೇ ಇಯತ್ತೆ ಮುಲ್ಕಿ ಪರೀಕ್ಷಾದಾಗ ಇಡೀ ಸಾಲಿಗೆ ಮೊದಲನೇ ನಂಬರ ಬಂದಾಕಿ.”