ಸುಬ್ಬಿಯ ಔಷಧಿ

ಶೇಷಮ್ಮ ಹಜಾರದಲ್ಲಿ ಕೂತು ಕ್ಯಾಪ್ಸೂಲಿನ ಪುಡಿಯನ್ನು ಕಾಗದದ ಮೇಲೆ ಸುರಿದು, ಬ್ಲೇಡಿನಿಂದ ನಾಲ್ಕು ಪಾಲು ಮಾಡುತ್ತಿದ್ದಾಗಲೇ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಜಟ್ಟೆಮ್ಮ ನೀರಿನ ಮೋಟರ್ ಹಾಕಿ ಎನ್ನಲು ಬಂದು ಬಾಗಿಲಲ್ಲಿ ನಿಂತಳು. ಶೇಷಮ್ಮ ಖಾಲಿ ಡಬ್ಬಿಯನ್ನು ಗಬಕ್ಕನೆ ಸೆರಗಿನಡಿ ಮುಚ್ಚಿಕೊಂಡಳು.

ಮುಚ್ಚಿಕೊಳ್ಳುವಂಥದ್ದೇನಿತ್ತು ಅನ್ನಿ! ಔಷಧಿ ಬೆಕ್ಕಿನದು. ಸುಬ್ಬಿಯ ರಕ್ತಕ್ಕೆ ವೈರಸ್ ಸೇರಿ ಕ್ಯಾನ್ಸರ್ ಆಗಿದೆ, ದಿನಕ್ಕೆರಡು ಸಲ ಕೊಡಿ, ತಪ್ಪಿಸಿದರೆ ಉಳಿಯುವುದು ಕಷ್ಟ ಎಂದು ದನದ ಡಾಕ್ಟರು ಬರೆದುಕೊಟ್ಟಿದ್ದರು. ಆದರೆ ಬರೆದದ್ದು ಎಚ್‌ಐವಿ ಇರುವ ಮನುಷ್ಯರ ಔಷಧಿ. ಅದು ಕೆ.ಆರ್. ಪುರದಲ್ಲಿ ಸಿಗದೆ ಲಿಂಗರಾಜಪುರದ ತನಕ ಅಲೆದರೆ, ಮೆಡಿಕಲ್ ಶಾಪಿನವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬೆಕ್ಕಿಗಪ್ಪಾ ಅಂದರೆ ನಕ್ಕ. ಅಂದಿನಿಂದ ಈ ಕಳ್ಳಾಟ. ಈಗ ಉಳಿದದ್ದು ಇದೊಂದೇ ಕ್ಯಾಪ್ಸೂಲು. ಹೊಸ ಸ್ಟಾಕು ಮುಂದಿನ ವಾರವಂತೆ.

ಜಟ್ಟೆಮ್ಮ ಮೋಟರಿನ ಮಾತೇ ಎತ್ತಲಿಲ್ಲ. ನೆಲದ ಮೇಲೆ ಬಿದ್ದಿದ್ದ ಬಿಳಿ-ನೀಲಿ ಸಿಪ್ಪೆಯನ್ನೇ ನೋಡಿದಳು. ಎರಡು ವರ್ಷದಲ್ಲಿ ಒಮ್ಮೆಯೂ ಹೊಸ್ತಿಲು ದಾಟದವಳು ಮೆಲ್ಲಗೆ ಒಳಗೆ ಬಂದು ಪಕ್ಕದಲ್ಲೇ ಕೂತಳು.

"ಒಂದನ್ನ ನಾಕು ಮಾಡಿ ತಿಂದ್ರ ಜೀವಾ ಉಳಿತೈತೇನ್ರಿ ಅಕ್ಕಾರ? ಇಡೀದು ನುಂಗಬೇಕ್ರಿ."

ಶೇಷಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ. ಜಟ್ಟೆಮ್ಮ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಅಂಥವೇ ಬಿಳಿ-ನೀಲಿ ಕ್ಯಾಪ್ಸೂಲುಗಳು. ಗಂಡ ಟಿ.ಬಿ.ಯಿಂದ ಸತ್ತ ಎಂದು ವಠಾರಕ್ಕೆಲ್ಲ ಹೇಳಿದ್ದು ಸುಳ್ಳು, ತನಗೂ ಅದೇ ಎಚ್‌ಐವಿ ಅಂಟಿದೆ, ಗೊತ್ತಾದರೆ ರೂಮು ಬಿಡಿಸುತ್ತೀರೆಂದು ಬಾಯಿ ಬಿಡಲಿಲ್ಲ ಎಂದು ಪಿಸುಗುಟ್ಟಿದಳು. ನಿಮಗೂ ಇದೆಯೆಂದು ತಿಳಿದು ಇವತ್ತು ಎದೆ ಹಗುರಾಯಿತು ಎಂದಳು. ಎರಡು ಕ್ಯಾಪ್ಸೂಲು ತೆಗೆದು ಶೇಷಮ್ಮನ ಅಂಗೈಗಿಟ್ಟು ಬೆರಳು ಮಡಿಸಿದಳು. ತನಗೆ ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲವಂತೆ.

ಶೇಷಮ್ಮ ಮಡಿಸಿದ ಬೆರಳು ಬಿಚ್ಚಿ ನೋಡಿದಳು. ಔಷಧಿ ಬೆಕ್ಕಿಗೆ ಅಂದುಬಿಟ್ಟರೆ ಇವಳ ಮುಖ ಏನಾದೀತು? ಅನ್ನದೆ ಇಟ್ಟುಕೊಂಡರೆ ಇವಳ ಜೀವ ಕಿತ್ತು ಬೆಕ್ಕಿಗೆ ಹಾಕಿದಂತಲ್ಲವೇ? ವಾಪಸ್ ಕೊಟ್ಟರೆ ನಾಡಿದ್ದಿಂದ ಸುಬ್ಬಿಗೆ ಏನು ಗತಿ? ತಲೆಯೇನೋ ಅಲ್ಲಾಡಿತು, ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಮಂಚದಡಿಯಿಂದ ಸುಬ್ಬಿ ತೂರಾಡುತ್ತ ಬಂದು ಜಟ್ಟೆಮ್ಮನ ಮಡಿಲಿಗೆ ಒರಗಿತು. ಅವಳು ಅದರ ಎಲುಬೆದ್ದ ಬೆನ್ನು ಸವರಿದಳು.

"ಬೆಕ್ಕ ಭಾಳ ಸೊರಗೈತ್ರಿ ಅಕ್ಕಾರ. ನಿಮ್ಮ ಚಿಂತಿ ಹಚ್ಚಿಕೊಂಡೈತಿ, ಪಾಪ."