ಐದು ದೀಪ

ಬ್ಯಾಟರಿಯ ಗುಂಡಿ ಒತ್ತಿದರೆ ಚಾರ್ಜ್ ತೋರಿಸುವ ಐದಕ್ಕೈದೂ ದೀಪ ಹತ್ತಿಕೊಂಡವು. ಬಾಡಿಗೆ ಸೈಕಲ್ ಅಂಗಡಿಯಾಕೆ ಹುಬ್ಬು ಗಂಟಿಕ್ಕಿದಳು. ಹಿನ್ನೀರಿನ ನಾಲ್ಕು ದ್ವೀಪ ಸುತ್ತಿಬಂದ ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಒಂದು ದೀಪ ಉಳಿದರೆ ಹೆಚ್ಚು. ಬೆಳಿಗ್ಗೆ ಹೆಂಡತಿಯೊಂದಿಗೆ ಸೈಕಲ್ ಒಯ್ದಿದ್ದ ಈ ಮುದುಕ ಗುಮ್ಮನಗುಸುಕ, ಬ್ಯಾಟರಿಯನ್ನೇ ಬದಲಾಯಿಸಿದ್ದಾನೆ!

"ಯಜಮಾನ್ರೇ, ನನ್ನ ಕಿವಿಗೇ ಹೂ ಇಡ್ತೀರಾ? ಇದು ನನ್ನ ಬ್ಯಾಟರಿ ಅಲ್ಲ."

"ಇವಳನ್ನ ಹಿಂದೆ ಕೂರಿಸ್ಕೊಂಡು ನಾಲ್ಕೂ ದ್ವೀಪ ಸುತ್ತಿದ್ದೀನಮ್ಮಾ," ಎಂದು ಮುದುಕ ಬೆವರೊರೆಸಿಕೊಂಡ.

"ಸೇತುವೆ ಬಂದಾಗೆಲ್ಲ ಇಳಿದು ತಳ್ಳಿದ್ದು ನಾನು," ಎಂದಳು ಹೆಂಡತಿ. "ಇವ್ರಿಗೆ ವಯಸ್ಸಾಯ್ತು."

"ಮೋಟಾರು ಗಾಡೀನ ಯಾರಾದ್ರೂ ತಳ್ತಾರಾ? ಸಾಕು ನಾಟಕ, ಕೀ ಕೊಡಿ."

"ಯಾವ ಕೀ?"

ಅಂಗಡಿಯಾಕೆ ಗಕ್ಕನೆ ತಿರುಗಿದಳು. ಮೋಟಾರು ಚಾಲೂ ಮಾಡುವ ಕೀ, ಬೆಳಿಗ್ಗೆ ತಾನೇ ಕೊಡಬೇಕಿದ್ದ ಕೀ, ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು.

ಮುದುಕನೂ ಅದನ್ನು ನೋಡಿದ. ಹೆಂಡತಿಯ ಕಡೆ ತಿರುಗಿ ಎದೆಯುಬ್ಬಿಸಿದ.

"ಈಗ ಹೇಳೇ, ಯಾರಿಗೆ ವಯಸ್ಸಾಯ್ತು?"